ಒಂದೇ ಕೈಯ ಅಕ್ಷರ

ಸೆರೆಮನೆಯ ಅಧಿಕಾರಿ ಬೆಳಿಗ್ಗೆ ಎಂಟು ಗಂಟೆಗೆ ತನ್ನ ಕೋಣೆಗೆ ಕರೆಸಿ ಕುರ್ಚಿ ತೋರಿಸಿದಾಗಲೇ ಮೇಷ್ಟರಿಗೆ ಏನೋ ಎಡವಟ್ಟಾಗಿದೆ ಎನ್ನಿಸಿತು. ಹತ್ತು ತಿಂಗಳಲ್ಲಿ ಆ ಕೋಣೆಯಲ್ಲಿ ಅವರಿಗೆ ಯಾರೂ ಕುರ್ಚಿ ತೋರಿಸಿರಲಿಲ್ಲ.

"ಕೂತ್ಕೊಳ್ಳಿ ಮೇಷ್ಟ್ರೇ. ನಮ್ಮ ಮನೆ ಊಟ ಸಾಕಾಯ್ತು ಅಂತ ಕಾಣುತ್ತೆ."

"ಊಟದ ವಿಷಯ ನಾನು ಯಾವತ್ತೂ ದೂರು ಹೇಳಿಲ್ಲವಲ್ಲ."

"ಹೇಳಿಲ್ಲ. ಅದಕ್ಕೇ ನನಗೆ ಆಶ್ಚರ್ಯ. ಇನ್ನೂ ಎರಡು ವರ್ಷದ ಮೇಲೆ ಬಾಕಿ ಇತ್ತು ನಿಮ್ಮದು. ಈ ಕೆಲಸ ಮೊದಲೇ ಮಾಡಿದ್ರೆ ಇಷ್ಟು ದಿನ ನಮ್ಮ ಸೊಳ್ಳೆಗಳಿಗೆ ರಕ್ತ ಕೊಡೋದು ತಪ್ಪುತ್ತಿತ್ತು."

"ಯಾವ ಕೆಲಸ?"

ಮೇಷ್ಟರು ತಮಾಷೆ ಮಾಡುತ್ತಿದ್ದಾರೆಂದು ತಿಳಿದು ಅಧಿಕಾರಿ ನಕ್ಕ. ಮೇಜಿನ ಮೇಲಿದ್ದ ಸರ್ಕಾರಿ ಪತ್ರಿಕೆಯನ್ನು ತಿರುಗಿಸಿ ಅವರ ಮುಂದೆ ತಳ್ಳಿದ. ಮೊದಲ ಪುಟದಲ್ಲಿ ಒಂದು ಕಾಗದವನ್ನು ಇದ್ದದ್ದು ಇದ್ದ ಹಾಗೆ ಅಚ್ಚು ಹಾಕಿದ್ದರು. ಸರ್ಕಾರದ ವಿರುದ್ಧ ಆಡಿದ ಮತ್ತು ಬರೆದ ಮಾತುಗಳಿಗಾಗಿ ಮನಸಾರೆ ವಿಷಾದಿಸುತ್ತೇನೆ, ಇನ್ನು ಯಾವ ಸಭೆಯಲ್ಲೂ ಮಾತನಾಡುವುದಿಲ್ಲ, ನನ್ನ ವಯಸ್ಸನ್ನು ನೋಡಿ ಕರುಣೆ ತೋರಬೇಕು ಎಂದು ಅದರಲ್ಲಿತ್ತು. ಕೆಳಗೆ ತಾರೀಕು, ಮೇಷ್ಟರ ಹೆಸರು. ಮೇಲಿಂದ ಕೆಳಗಿನವರೆಗೆ ಮೇಷ್ಟರ ಅಕ್ಷರ.

"ಮುತ್ತು ಪೋಣಿಸಿದ ಹಾಗಿದೆ ನೋಡಿ. ನಮ್ಮ ಗುಮಾಸ್ತರಿಗೆ ತೋರಿಸಿ, ಕಲೀರಯ್ಯಾ ಅಂದೆ," ಎಂದ ಅಧಿಕಾರಿ.

ಮೇಷ್ಟರು ಆ ಕಾಗದವನ್ನು ಬರೆದಿರಲಿಲ್ಲ. ಬರೆದವರು ಯಾರೆಂಬುದು ಮೂರನೆಯ ಸಾಲಿಗೇ ತಿಳಿಯಿತು. ಅವಳಿ ಮಕ್ಕಳನ್ನು ಊರೆಲ್ಲ ಅದಲುಬದಲು ಮಾಡಿದರೂ ತಾಯಿ ಮಾಡುವುದಿಲ್ಲ. ಗೆರೆ ಮೇಲಕ್ಕೆ ಹೋಗುವಾಗ ಒಂದಿಷ್ಟು ಅಳುಕಿ, ಇಳಿಯುವಾಗ ಬೇಕಾದ್ದಕ್ಕಿಂತ ಬಲವಾಗಿ ಒತ್ತುವ ಕೈ ಅದು. ಎಡಗೈಯಲ್ಲಿ ಬರೆಯಲು ಹೊರಟಿದ್ದ ಆರು ವರ್ಷದ ಮಗುವಿನ ಬೆರಳುಗಳನ್ನು ಬಿಡಿಸಿ, ಬಳಪವನ್ನು ಬಲಗೈಗೆ ಕೊಟ್ಟು, ಆ ಪುಟ್ಟ ಮುಷ್ಟಿಯನ್ನು ತಮ್ಮ ಮುಷ್ಟಿಯಲ್ಲಿ ಹಿಡಿದು ತಿದ್ದಿಸಿದವರು ಅವರೇ. ತಂಗಿಯ ಮಗ. ತಂಗಿ ತೀರಿಕೊಂಡ ಮೇಲೆ ಅವರ ಮನೆಯಲ್ಲೇ ಬೆಳೆದವನು. ಶಾಲೆಯಲ್ಲಿ ಎಲ್ಲರೂ ಅವನನ್ನು ಎಡಚ ಎಂದೇ ಕರೆಯುತ್ತಿದ್ದರು. ಈಗ ಮೂವತ್ತು ದಾಟಿ, ಅದೇ ಶಾಲೆಯಲ್ಲಿ ಎರಡನೆಯ ಮೇಷ್ಟರಾಗಿದ್ದ.

'ಇದು ನನ್ನದಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬಂದದ್ದು ಅಲ್ಲೇ ನಿಂತಿತು.

"ಏನೋ ಹೇಳೋಕೆ ಹೊರಟ್ರಿ," ಎಂದ ಅಧಿಕಾರಿ. ಅವನ ಕಣ್ಣು ಈಗ ನಗುತ್ತಿರಲಿಲ್ಲ. "ಈ ಅಕ್ಷರ ಇನ್ನೊಬ್ಬರಿಗೂ ಬರುತ್ತೆ ಅನ್ನೋದಾದ್ರೆ ಹೇಳಿಬಿಡಿ. ಹಳೇ ಹಾಳೆಗಳ ಕಟ್ಟು ಕೋರ್ಟಿನಲ್ಲಿ ಇನ್ನೂ ಹಾಗೇ ಇದೆ. ಬಿಚ್ಚೋದು ಎಷ್ಟು ಹೊತ್ತಿನ ಕೆಲಸ?"

"ಏನಿಲ್ಲ. ನನ್ನ ಬಟ್ಟೆ ಕೊಡಿಸಿ," ಎಂದರು ಮೇಷ್ಟರು.

ಆ ಹಾಳೆಗಳ ಕಥೆ ಇಷ್ಟು. ಸರ್ಕಾರದವರು ಊರಿನ ಅಚ್ಚುಕೂಟಕ್ಕೆ ಆರು ತಿಂಗಳು ಬೀಗ ಹಾಕಿದ್ದಾಗ, ಅಲ್ಲಿ ಅಚ್ಚಾಗುತ್ತಿದ್ದ ಮೇಷ್ಟರ ಪತ್ರಿಕೆ ಕೈಬರಹದಲ್ಲಿ ಹೊರಟಿತ್ತು. ವಾರಕ್ಕೆ ನಲವತ್ತು ಹಾಳೆ. ಬೆಳಗಾಗುವುದರೊಳಗೆ ಅಂಗಡಿ ಬೀದಿಯ ಗೋಡೆಗಳ ಮೇಲೆ ಅಂಟಿರುತ್ತಿತ್ತು. ಅದನ್ನು ಬರೆಯುತ್ತಿದ್ದವರು ಮೇಲಿನ ತರಗತಿಯ ಹನ್ನೊಂದು ಮಂದಿ ವಿದ್ಯಾರ್ಥಿಗಳು. ಅವರ ಹೆತ್ತವರಿಗೂ ಈ ಗುಟ್ಟು ಗೊತ್ತಿರಲಿಲ್ಲ. ಮೇಷ್ಟರ ಶಾಲೆಯಲ್ಲಿ ಅಕ್ಷರವೆಂದರೆ ಮೇಷ್ಟರ ಅಕ್ಷರವೇ. ಪ್ರತಿ ಪುಟದ ಮೇಲೆ ಅವರು ಒಂದು ಸಾಲು ಬರೆದುಕೊಡುವರು. ಮಕ್ಕಳು ಅದರ ಕೆಳಗೆ ಇಪ್ಪತ್ತು ಸಾಲು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಹಾಗೆ ಬರೆಯಬೇಕು. ಮೊದಲು ಅದು ಅಂದಕ್ಕಾಗಿ ಮಾಡಿದ ಪಾಠ. ಆಮೇಲೆ ರಕ್ಷೆಯಾಯಿತು. ಎಲ್ಲರ ಕೈಯೂ ಒಂದೇ ಆದರೆ ಪೊಲೀಸರು ಯಾರ ಕೈ ಹಿಡಿಯುತ್ತಾರೆ ಎಂದು ಮೇಷ್ಟರು ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು.

ಕಡೆಗೆ ಅವರನ್ನೇ ಹಿಡಿದರು. ಕೋರ್ಟಿನಲ್ಲಿ ಎಪ್ಪತ್ತಮೂರು ಹಾಳೆಗಳನ್ನು ಮುಂದಿಟ್ಟು, ಇವೆಲ್ಲ ನಿನ್ನ ಅಕ್ಷರವೋ ಎಂದು ಕೇಳಿದರು. ಬರೆದವರೆಲ್ಲರಿಗೂ ಏಳೇಳು ವರ್ಷ ಹಾಕಿಸುತ್ತೇವೆ ಎಂದು ಸರ್ಕಾರದ ವಕೀಲ ಮೊದಲೇ ಹೇಳಿದ್ದ. ಮೇಷ್ಟರ ವಯಸ್ಸಿಗೆ ಮೂರು ವರ್ಷ ಸಾಕೆಂದು ನ್ಯಾಯಾಧೀಶನಿಗೆ ಅನ್ನಿಸಿತ್ತು. ದೇವರ ಮೇಲೆ ಪ್ರಮಾಣ ಮಾಡಿ ನಿಂತಿದ್ದ ಮೇಷ್ಟರು, "ಎಲ್ಲವೂ ನನ್ನವೇ. ಈ ಅಕ್ಷರ ಇನ್ನೊಬ್ಬರಿಗೆ ಬರುವುದಿಲ್ಲ. ಈ ಅಕ್ಷರದ ಕಾಗದ ಎಲ್ಲಿ ಸಿಕ್ಕಿದರೂ ಅದು ನನ್ನದೇ," ಎಂದು ಹೇಳಿದರು. ಬುದ್ಧಿ ಬಂದ ಮೇಲೆ ಅವರು ತಿಳಿದು ತಿಳಿದು ಆಡಿದ ಮೊದಲ ಸುಳ್ಳು ಅದು. ಸೆರೆಮನೆಯಲ್ಲಿ ದಿನವೂ ಬೆಳಗಿನ ಪ್ರಾರ್ಥನೆಯ ಕೊನೆಯಲ್ಲಿ ಅದೊಂದಕ್ಕೆ ಬೇರೆಯಾಗಿ ಕ್ಷಮೆ ಬೇಡುತ್ತಿದ್ದರು.

ಬಿಡುಗಡೆಯ ಪುಸ್ತಕದಲ್ಲಿ ಸಹಿ ಮಾಡಿ ಹೊರಗೆ ಬಂದರು. ಎದುರುಗೊಳ್ಳಲು ಯಾರೂ ಇರಲಿಲ್ಲ. ಅವರನ್ನು ಒಳಗೆ ಕರೆದೊಯ್ದ ದಿನ ಇದೇ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದರ್ಜಿ ಅವರನ್ನು ಕಂಡರೆ ಯಂತ್ರ ನಿಲ್ಲಿಸಿ ಏಳುತ್ತಿದ್ದವನು, ಇಂದು ಸೂಜಿಯ ಕಣ್ಣಿನಲ್ಲಿ ದಾರ ಹುಡುಕುತ್ತ ಕುಳಿತ. ಸೈಕಲ್ ಅಂಗಡಿಯ ಒಳಗಿನಿಂದ ಯಾರೋ ಕೂಗಿದರು.

"ಏನು ಮೇಷ್ಟ್ರೇ, ಇಷ್ಟು ಬೇಗ! ಶಾಲೆಗೆ ತಡ ಆಗುತ್ತೆ ಅಂತಲಾ?"

ಒಳಗೆ ನಗು ಎದ್ದಿತು. ಮೇಷ್ಟರು ತಲೆ ಎತ್ತಿಕೊಂಡೇ ನಡೆದರು. ತಗ್ಗಿಸಲು ಕಾರಣವಿರಲಿಲ್ಲ. ಆದರೂ ಕತ್ತು ನೋಯುತ್ತಿತ್ತು.

ಅವರ ಮನೆಗೂ ಶಾಲೆಗೂ ಒಂದೇ ಅಂಗಳ. ಶಾಲೆಯ ಬಾಗಿಲ ಮೇಲೆ ಹೊಸ ಹಲಗೆ ಬಂದಿತ್ತು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. 'ಸರ್ಕಾರದ ಮನ್ನಣೆ ಪಡೆದದ್ದು' ಎಂದು ಅದರಲ್ಲಿ ಬರೆದಿತ್ತು. ಇಪ್ಪತ್ತೆರಡು ವರ್ಷ ಸರ್ಕಾರದ ಒಂದು ಬೆಂಚನ್ನೂ ಒಳಗೆ ಬಿಟ್ಟುಕೊಳ್ಳದ ಶಾಲೆ ಅದು. ಹಲಗೆಯ ಅಕ್ಷರವೂ ಅವರ ಅಕ್ಷರದ ಹಾಗೇ ಇತ್ತು.

ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ತುಂಬ ಸೊರಗಿದ್ದರು. ನೀರು ತಂದು ಕೊಟ್ಟು, ಚೊಂಬನ್ನು ಹಿಂದಕ್ಕೆ ತೆಗೆದುಕೊಳ್ಳುವವರೆಗೂ ಮುಖ ನೋಡಲಿಲ್ಲ. ಎಡಚ ಒಳಕೋಣೆಯಿಂದ ಬಂದ. ಇಸ್ತ್ರಿ ಮಾಡಿದ ಕೋಟು ಹಾಕಿದ್ದ. ಕಾಲು ಮುಟ್ಟಲು ಬಗ್ಗಿದವನನ್ನು ಮೇಷ್ಟರು ಭುಜ ಹಿಡಿದು ನಿಲ್ಲಿಸಿದರು.

"ಕಾಲು ಬೇಡ. ಕೈ ತೋರಿಸು."

"ಮಾವ..."

"ಬಲಗೈ. ನಾನು ತಿದ್ದಿಸಿದ ಕೈ."

ಎಡಚ ಕೈ ಚಾಚಲಿಲ್ಲ, ಅಡಗಿಸಲೂ ಇಲ್ಲ. "ನೀವು ಕಂಡುಹಿಡೀತೀರಿ ಅಂತ ಗೊತ್ತಿತ್ತು. ಕೂತ್ಕೊಳ್ಳಿ ಮಾವ, ನಿಧಾನವಾಗಿ ಕೇಳಿ. ಶಾಲೆ ಮುಚ್ಚಬೇಕು ಅಂತ ನೋಟೀಸು ಬಂತು. ಕಟ್ಟಡಕ್ಕೂ ಬೀಗ ಹಾಕ್ತೀವಿ ಅಂದ್ರು. ಇನ್ನೂರ ಹತ್ತು ಮಕ್ಕಳು. ಎಲ್ಲಿಗೆ ಕಳಿಸಲಿ? ನಿಮ್ಮ ಮೇಷ್ಟ್ರು ಒಂದು ಕಾಗದ ಬರೆದುಕೊಟ್ಟರೆ ಎಲ್ಲ ಸರಿಹೋಗುತ್ತೆ ಅಂದ ನೋಟೀಸು ತಂದ ಸಾಹೇಬ."

"ನನ್ನನ್ನು ಕೇಳಬೇಕಿತ್ತು."

"ಕೇಳಿದ್ರೆ ಬರೀತಿದ್ರಾ?"

"ಇಲ್ಲ."

"ಅದಕ್ಕೇ ಕೇಳಲಿಲ್ಲ."

ಮೇಷ್ಟರು ಅವನ ಭುಜ ಬಿಟ್ಟರು. "ಕಾಗದ ಸೆರೆಮನೆಯಿಂದ ಬಂತು ಅಂತ ಅವರನ್ನ ಹೇಗೆ ನಂಬಿಸಿದೆ?"

 ಗೋಡೆಗೆ ಒರಗಿ ನಿಂತಿದ್ದ ಹೆಂಡತಿ ಉತ್ತರ ಕೊಟ್ಟರು.

"ನಾನು ತಗೊಂಡು ಹೋಗಿ ಕೊಟ್ಟೆ. ಹೋದ ತಿಂಗಳು ನಿಮ್ಮನ್ನ ನೋಡಿಕೊಂಡು ಬಂದೆನಲ್ಲ, ಅವತ್ತು. ನೀವು ಕಂಬಿ ಸಂದಿಯಲ್ಲಿ ಕೊಟ್ಟಿರಿ ಅಂತ ಹೇಳಿದೆ."

"ನೀನಾ?"

"ನಾನೇ."

"ಅದರಲ್ಲಿ ಏನಿದೆ ಅಂತ ಓದಿದ್ದೆಯಾ?"

"ನನಗೆ ಓದೋಕೆ ಕಲಿಸಿದವರು ನೀವೇ ಅಲ್ಲವಾ? ಓದಿದೆ. ನೀವೇ ಕೂತು ಬರೆದ ಹಾಗಿತ್ತು." ಅವರು ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟರು. "ಮೂವತ್ತು ವರ್ಷ ನೀವು ಹೇಳಿದ್ದಕ್ಕೆಲ್ಲ ಹೂಂ ಅಂದಿದ್ದೀನಿ. ಶಾಲೆ ಕಟ್ಟೋಕೆ ನನ್ನ ಬಳೆ ಬೇಕು ಅಂದ್ರಿ, ಹೂಂ. ಜೈಲಿಗೆ ಹೋಗ್ತೀನಿ ಅಂದ್ರಿ, ಅದಕ್ಕೂ ಹೂಂ. ಕಂಬಿಯ ಆಚೆ ನಿಮ್ಮ ಕೈ ನಡುಗೋದು ನೋಡಿದೆ. ಒಂದೇ ಒಂದು ಸಲ ನನಗೆ ಬೇಕಾದ್ದು ಮಾಡಿದೆ. ಬೈಯೋದಿದ್ರೆ ಬೈಯಿರಿ. ಮನೇಲಿ ಕೂತು ಬೈಯಿರಿ."

ಮೇಷ್ಟರಿಗೆ ಆ ದಿನ ಹೆಂಡತಿ ಕಂಬಿ ಹಿಡಿದುಕೊಂಡು ಏನೂ ಮಾತಾಡದೆ ನಿಂತದ್ದು ನೆನಪಾಯಿತು. ಪ್ರೀತಿಗೆ ಗಂಟಲು ಕಟ್ಟಿದೆ ಎಂದು ತಿಳಿದು, ಅವರು ಒಂದು ವಾರ ಅದನ್ನೇ ನೆನೆದು ಸುಖಪಟ್ಟಿದ್ದರು. ಕಾಗದ ಆಗಲೇ ಹೆಂಡತಿಯ ಸೆರಗಿನಲ್ಲಿತ್ತು.

"ಮಾವ," ಎಂದ ಎಡಚ, "ನೀವು ಕೋರ್ಟಿನಲ್ಲಿ ಸುಳ್ಳು ಹೇಳಿದ್ರಿ, ಹನ್ನೊಂದು ಜನರನ್ನ ಉಳಿಸೋಕೆ. ನಾನು ಸುಳ್ಳು ಬರೆದೆ, ಇನ್ನೂರ ಹತ್ತು ಮಕ್ಕಳನ್ನ ಉಳಿಸೋಕೆ. ನಿಮ್ಮದು ತ್ಯಾಗ, ನನ್ನದು ದ್ರೋಹವಾ?"

ಮಾತು ಚೂಪಾಗಿತ್ತು. ಚೂಪಾಗಿ ಮಾತಾಡುವುದನ್ನೂ ಅವನಿಗೆ ಕಲಿಸಿದವರು ಅವರೇ. ಸ್ವಲ್ಪ ಹೊತ್ತು, ಇವನು ಹೇಳುವುದು ನಿಜವೇ ಇರಬಹುದೇನೋ ಎಂದು ಅವರ ಮನಸ್ಸು ತೂಗಾಡಿತು.

"ನಾನು ನನ್ನ ಮೈಯನ್ನ ಕೊಟ್ಟು ಸುಳ್ಳು ಹೇಳಿದೆ. ನೀನು ನನ್ನ ಹೆಸರನ್ನ ಕೊಟ್ಟೆ," ಎಂದರು ಕೊನೆಗೆ. "ಇರಲಿ. ನಾಳೆಯಿಂದ ಮೂರನೇ ತರಗತಿ ನಾನು ತಗೋತೀನಿ."

ಎಡಚ ಅತ್ತೆಯ ಮುಖ ನೋಡಿದ. ಅತ್ತೆ ನೆಲ ನೋಡಿದರು. 

"ಸ್ವಲ್ಪ ದಿನ ತರಗತಿಗೆ ಬರೋದು ಬೇಡ ಮಾವ."

"ಯಾಕೆ?"

"ಮನ್ನಣೆ ಕೊಡುವಾಗ ಒಂದು ಷರತ್ತು ಹಾಕಿದ್ದಾರೆ. ನೀವು ಪಾಠ ಹೇಳಬಾರದು. ಮುಖ್ಯೋಪಾಧ್ಯಾಯ ಅಂತ ನನ್ನ ಹೆಸರು ಹಾಕಿದ್ದಾರೆ. ಅದು ಬರೀ ಕಾಗದಕ್ಕೆ..."

ಅತ್ತೆ ತಟ್ಟನೆ ತಲೆ ಎತ್ತಿದರು. ಈ ಷರತ್ತು ಅವರಿಗೂ ಹೊಸದೆಂದು ಅವರ ಮುಖವೇ ಹೇಳುತ್ತಿತ್ತು.

"ಆ ಆಜ್ಞೆ ಯಾವತ್ತು ಬಂತು?" ಎಂದರು ಮೇಷ್ಟರು.

ಎಡಚನ ಕಣ್ಣು ಮುಖ್ಯೋಪಾಧ್ಯಾಯರ ಕೋಣೆಯ ಕಡೆ ಹೊರಳಿತು. ಮೇಷ್ಟರು ಕೋಣೆಗೆ ಹೋಗಿ ನೋಡಿದರು. ತಾವು ಕೂರುತ್ತಿದ್ದ ಮೇಜಿನ ಮೇಲೆ, ಗಾಜಿನ ತುಂಡಿನ ಕೆಳಗೆ, ಸರ್ಕಾರದ ಮೊಹರಿನ ಕಾಗದವಿತ್ತು. ಕ್ಷಮೆಯ ಪತ್ರಕ್ಕಿಂತ ಒಂಬತ್ತು ದಿನ ಹಿಂದಿನ ತಾರೀಕು. ಮೊದಲು ಮುಖ್ಯೋಪಾಧ್ಯಾಯನ ಕುರ್ಚಿ ಗೊತ್ತುಮಾಡಿಕೊಂಡು, ಆಮೇಲೆ ಅದಕ್ಕೆ ತಕ್ಕ ಪತ್ರ ಬರೆದಿದ್ದಾಯಿತು. ಇನ್ನೂರ ಹತ್ತು ಮಕ್ಕಳ ಮಾತಿನಲ್ಲಿ ಎಷ್ಟು ನಿಜ ಎಷ್ಟು ಸುಳ್ಳು ಎಂದು ಇನ್ನು ಕೇಳಬೇಕಾದ್ದಿರಲಿಲ್ಲ.

ಅಷ್ಟರಲ್ಲಿ ಹೊರಗಿನಿಂದ ಯಾರೋ ಕರೆದರು. ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸುವ ಮುದುಕ. ಅಂಗಳದಲ್ಲೇ ನಿಂತು, ಯಾರ ಮುಖವನ್ನೂ ನೋಡದೆ, "ಮೊಳೆರಾಯರು ಮೇಷ್ಟ್ರನ್ನ ಬರಹೇಳಿದಾರೆ. ಈಗಲೇ ಅಂತೆ," ಎಂದು ಹೇಳಿ ಹೊರಟುಹೋದ.

ಎಡಚ ಬಾಗಿಲಿಗೆ ಅಡ್ಡ ಬಂದ. "ಅಲ್ಲಿಗೆ ಹೋಗಬೇಡಿ ಮಾವ. ಅವರ ಮಗ ಇನ್ನೂ ಒಳಗಿದ್ದಾನೆ. ಅವರು ಸುಮ್ಮನೆ ಬಿಡೋರಲ್ಲ. ಏನು ಹೇಳ್ತೀರಿ ಅವರಿಗೆ?"

"ನಿನಗೆ ಗೊತ್ತಿಲ್ಲವಾ?" ಮೇಷ್ಟರು ಚಪ್ಪಲಿ ಮೆಟ್ಟಿಕೊಂಡರು. "ನನ್ನ ಕೈಲಿ ಏನು ಹೇಳೋಕೆ ಆಗುತ್ತೆ, ಏನು ಆಗೋದಿಲ್ಲ ಅಂತ ನಿನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದದ್ದಕ್ಕೇ ಬರೆದೆ."

ಮೊಳೆರಾಯ ಅಚ್ಚುಕೂಟದ ಯಜಮಾನ, ಮೇಷ್ಟರ ಬಾಲ್ಯದ ಗೆಳೆಯ. ಊರಿಟ್ಟ ಹೆಸರು ಅದು. ಸೀಸದ ಅಚ್ಚುಮೊಳೆಗಳ ನಡುವೆಯೇ ಹುಟ್ಟಿದವನೆಂದು ಜನ ತಮಾಷೆ ಮಾಡುತ್ತಿದ್ದರು. ಅವನ ಒಬ್ಬನೇ ಮಗ ಮೇಷ್ಟರ ಶಿಷ್ಯ. ಕಚೇರಿಯ ಮುಂದೆ ಅಡ್ಡ ಮಲಗಿದ್ದಕ್ಕೆ ಆರು ತಿಂಗಳು ಹಾಕಿಸಿಕೊಂಡು, ಅದೇ ಸೆರೆಮನೆಯ ಇನ್ನೊಂದು ಸಾಲಿನಲ್ಲಿದ್ದ. ಆ ಹನ್ನೊಂದು ಮಂದಿಯಲ್ಲಿ ಅವನೂ ಒಬ್ಬ. ಎಪ್ಪತ್ತಮೂರು ಹಾಳೆಗಳಲ್ಲಿ ಇಪ್ಪತ್ತು ಅವನ ಕೈಯವು. ತಂದೆಗೆ ಅದು ತಿಳಿಯದು.

ಅಚ್ಚುಕೂಟದೊಳಗೆ ಎಂದಿನ ಮಸಿಯ ವಾಸನೆ, ಸೀಮೆಎಣ್ಣೆಯ ವಾಸನೆ. ಯಂತ್ರ ನಿಂತಿತ್ತು. ಮೊಳೆರಾಯ ಎದ್ದು ನಿಂತು ಸ್ಟೂಲು ಮುಂದಿಟ್ಟ.

"ಬನ್ನಿ ಮೇಷ್ಟ್ರೇ. ಕೂತ್ಕೊಳ್ಳಿ."

ನಲವತ್ತೈದು ವರ್ಷ ಅವನು ಅವರನ್ನು 'ಬಾರಯ್ಯ, ಕೂತ್ಕೋ' ಎಂದೇ ಕರೆದಿದ್ದ. ಬೀದಿಯ ನಗು ತಾಗದಿದ್ದ ಜಾಗಕ್ಕೆ ಆ ಮರ್ಯಾದೆ ತಾಗಿತು. ಮೇಷ್ಟರು ಕೂರಲಿಲ್ಲ.

ಮೊಳೆರಾಯ ಸರ್ಕಾರಿ ಪತ್ರಿಕೆಯನ್ನು ಹಲಗೆಯ ಮೇಲೆ ಬಿಡಿಸಿಟ್ಟ. "ನನ್ನ ಹೆಂಡತಿ ನಿನ್ನೆ ಮಗನ್ನ ನೋಡಿಕೊಂಡು ಬಂದಳು. ಅವನಿಗೂ ಇದನ್ನ ತೋರಿಸಿದಾರೆ. 'ನಿಮ್ಮ ಮೇಷ್ಟ್ರೇ ಬರೆದುಕೊಟ್ಟಾಯ್ತು, ನೀನೂ ಬರೆದು ಮನೆಗೆ ಹೋಗು' ಅಂದರಂತೆ. ಅವನೇನು ಅಂದ ಗೊತ್ತಾ? 'ಇದು ಸುಳ್ಳು ಕಾಗದ. ನಮ್ಮ ಮೇಷ್ಟ್ರು ಬರೆದಿದ್ದರೆ ನಾನೂ ಬರೀತೀನಿ' ಅಂದ. ಅಂದಿದ್ದಕ್ಕೆ ಎರಡು ದಿನ ಊಟ ಕೊಡಲಿಲ್ಲ."  ಮರ್ಯಾದೆಯ ಮಾತು ತಾನಾಗಿ ಕಳಚಿಬಿತ್ತು. "ಲೋ, ನನ್ನ ಮುಖ ನೋಡು. ಊರು ಏನಾದ್ರೂ ಅಂದುಕೊಳ್ಳಲಿ. ನೀನು ಬರೆದಿಲ್ಲ ಅಲ್ಲವಾ? ಒಂದು ಮಾತು ಹೇಳು. ಮಧ್ಯಾಹ್ನದೊಳಗೆ ಐನೂರು ಹಾಳೆ ಅಚ್ಚು ಹಾಕ್ತೀನಿ. ಇನ್ನೊಂದು ಸಲ ಬೀಗ ಜಡಿದರೂ ಸರಿ. 'ಆ ಪತ್ರ ನನ್ನದಲ್ಲ.' ಅಷ್ಟೇ ಸಾಕು ಕಣೋ."

ಮೇಷ್ಟರು ಅಷ್ಟೇ ಹೇಳಬೇಕಾಗಿತ್ತು. ಹೇಳಿದರೆ ಅವರ ಹೆಸರು ಅವರಿಗೆ ಮರಳುತ್ತಿತ್ತು. ದರ್ಜಿ ಎದ್ದು ನಿಲ್ಲುತ್ತಿದ್ದ. ಈ ಗೆಳೆಯ ಅಪ್ಪಿಕೊಳ್ಳುತ್ತಿದ್ದ. ನಾಳೆ ಬೆಳಿಗ್ಗೆ ಕೋರ್ಟಿನವರು ಹಳೆಯ ಕಟ್ಟು ಬಿಚ್ಚಿ, ಹಾಗಾದರೆ ಈ ಅಕ್ಷರ ಇನ್ನು ಯಾರ್ಯಾರಿಗೆ ಬರುತ್ತದೆ ಎಂದು ಕೇಳುತ್ತಿದ್ದರು. ಅವರು ಮೊದಲು ಕೇಳುವುದು ಒಳಗೇ ಇರುವವನನ್ನು. ಒಂದು ಸಾಲು ಬರೆಸಿದರೆ ಸಾಕು. ಆರು ತಿಂಗಳು ಏಳು ವರ್ಷವಾಗುತ್ತಿತ್ತು. ಆ ಹುಡುಗನಿಗೆ ಬೇರೆ ಅಕ್ಷರದಲ್ಲಿ ಬರೆದು ತಪ್ಪಿಸಿಕೊಳ್ಳಲೂ ಬಾರದು. ಮೇಷ್ಟರು ಕೈ ಹಿಡಿದು ತಿದ್ದಿಸಿದ್ದು ಈ ಅಕ್ಷರವೊಂದೇ.

ಇದನ್ನು ಗೆಳೆಯನ ಕಿವಿಯಲ್ಲಿ ಹೇಳಿಬಿಡಬಹುದಿತ್ತು. ಆದರೆ ಮೊಳೆರಾಯನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಊರಿಗೇ ಗೊತ್ತು. ಮಗನನ್ನು ನೋಡಲು ಹೋಗಿ ಅಲ್ಲೇ ಅತ್ತುಬಿಡುವವನು. ಅಲ್ಲದೆ, ಗುಟ್ಟು ಬಿಡದ ತಮ್ಮ ಮನೆಯವರೇ ಏನು ಮಾಡಿದರೆಂದು ಈಗಷ್ಟೇ ಕಂಡು ಬಂದಿದ್ದರು.

"ಪತ್ರ ನನ್ನದೇ," ಎಂದರು ಮೇಷ್ಟರು.

"ಏನಂದೆ?"

"ನಾನೇ ಬರೆದದ್ದು. ಮೈಯಲ್ಲಿ ಶಕ್ತಿ ಇರಲಿಲ್ಲ."

ಮೊಳೆರಾಯ ಅವರನ್ನೇ ನೋಡುತ್ತ ನಿಂತ. ಏನೋ ಒಂದು ಸನ್ನೆ, ಕಣ್ಣಿನ ಒಂದು ಮಿಟುಕು ಬರಬಹುದೆಂದು ಕಾದ. ಮೇಷ್ಟರು ಕಣ್ಣು ಮಿಟುಕಿಸಲಿಲ್ಲ. ಇಂಥದ್ದರಲ್ಲಿ ತಮಗೆ ಇಷ್ಟು ಬಲವಿದೆ ಎಂದು ಅವರಿಗೇ ಗೊತ್ತಿರಲಿಲ್ಲ.

"ಹಾಗಾದ್ರೆ ಬರೆದುಕೊಡಿ," ಎಂದ ಮೊಳೆರಾಯ. ಮರ್ಯಾದೆ ಮತ್ತೆ ಮೇಲೆ ಬಂದಿತ್ತು. "ನನ್ನ ಮಗ ಸರ್ಕಾರದ ಪತ್ರಿಕೆ ನಂಬೋದಿಲ್ಲ. ನಮ್ಮ ಅಚ್ಚುಕೂಟದ ಹಾಳೆ ನಂಬ್ತಾನೆ. ಯಾರಿಗೋಸ್ಕರ ಉಪವಾಸ ಇದ್ದೀನಿ ಅಂತ ಅವನಿಗೆ ಗೊತ್ತಾಗಲಿ."

ಕಾಗದ, ಲೇಖನಿ ಮುಂದೆ ಬಂತು. ಮೇಷ್ಟರು ಆಗ ಸ್ಟೂಲಿನ ಮೇಲೆ ಕುಳಿತರು. ಬೆಳಗಿನ ಆ ಒಂದು ಸಹಿ ಬಿಟ್ಟರೆ ಹತ್ತು ತಿಂಗಳಿಂದ ಲೇಖನಿ ಹಿಡಿದಿರಲಿಲ್ಲ. ಕೈ ನಡುಗಿತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದು, ನಿಧಾನವಾಗಿ ಒಂದೊಂದೇ ಅಕ್ಷರ ಇಳಿಸಿದರು. 'ಪತ್ರಿಕೆಯಲ್ಲಿ ಬಂದ ಪತ್ರವನ್ನು ಬರೆದವನು ನಾನೇ.' ಕೆಳಗೆ ಸಹಿ ಹಾಕಿದರು. ಸಾಲು ಸ್ವಲ್ಪವೂ ಓರೆಯಾಗಿರಲಿಲ್ಲ.

ಮೊಳೆರಾಯ ಕಾಗದ ಕಿತ್ತುಕೊಂಡು ಓದಿದ. ಮೂವತ್ತು ವರ್ಷ ಅಕ್ಷರದ ಒಂದೊಂದು ಗೆರೆಯನ್ನೂ ಅಳೆದ ಕಣ್ಣು, ಇಂದು ಪತ್ರಿಕೆಯ ಅಕ್ಷರದ ಜೊತೆ ಹೋಲಿಸಿ ನೋಡದೆ, ಮಾತನ್ನು ಮಾತ್ರ ಓದಿ ಮುಚ್ಚಿಕೊಂಡಿತು.

"ಇದನ್ನ ಜೋಡಿಸು," ಎಂದು ಮುದುಕನಿಗೆ ಕೊಟ್ಟ. "ದೊಡ್ಡ ಮೊಳೆಯಲ್ಲಿ."

"ಅವನೂ ಬರೆದುಕೊಟ್ಟು ಬಂದರೆ," ಎಂದರು ಮೇಷ್ಟರು ಏಳುತ್ತ, "ಅವನನ್ನ ಬೈಯಬೇಡ. ಊಟಕ್ಕೆ ಹಾಕು. ಮೊದಲು ಗಂಜಿಯಂಥದ್ದು ಕೊಡು, ಎರಡು ದಿನ ಹಸಿದ ಹೊಟ್ಟೆ."

"ನನ್ನ ಮಗನ ಹೊಟ್ಟೆ ಚಿಂತೆ ನಿಮಗೆ ಬೇಡ ಮೇಷ್ಟ್ರೇ. ಇನ್ನು ಈ ಮೆಟ್ಟಿಲು ಹತ್ತಬೇಡಿ."

ಮೇಷ್ಟರು ಹೊರಗೆ ಬಂದು ಆ ಮೆಟ್ಟಿಲ ಮೇಲೆ ನಿಂತರು. ಬಿಸಿಲು ನೆತ್ತಿಗೆ ಬಂದಿತ್ತು. ಹಳೆಯ ಸುಳ್ಳಿಗೆ ದಿನವೂ ಬೇಡುತ್ತಿದ್ದ ಕ್ಷಮೆಯ ಜೊತೆ ಇದನ್ನೂ ಸೇರಿಸಬೇಕೆಂದು ಕಣ್ಣು ಮುಚ್ಚಿದರು. 'ದೇವರೇ' ಎಂದದ್ದು ಬಂತು, ಮುಂದಿನದು ಬರಲಿಲ್ಲ. ಹತ್ತು ತಿಂಗಳ ಕತ್ತಲೆಕೋಣೆಯಲ್ಲಿ ಎಂದೂ ಹಾಗಾಗಿರಲಿಲ್ಲ. ಅಲ್ಲಿ ಕೇಳುವವನೊಬ್ಬನಿದ್ದಾನೆ ಎಂಬ ಧೈರ್ಯವಿತ್ತು, ಹೊರಗೆ ತಮಗಾಗಿ ಕಾಯುವ ಮನೆಯೊಂದಿದೆ ಎಂಬ ಧೈರ್ಯವೂ ಇತ್ತು. ಅವೆರಡೂ ಒಂದೇ ಧೈರ್ಯವಾಗಿತ್ತೇನೋ ಎಂಬ ಭಯ ಈಗ ಮೊದಲ ಸಲ ಹುಟ್ಟಿತು.

ಬೀದಿಯ ಆ ಕೊನೆಯಲ್ಲಿ ಎಡಚ ನಿಂತಿದ್ದ. ಅವರು ಏನು ಹೇಳಿಬಂದರೆಂದು ತಿಳಿಯಲು ಹಿಂದೆಯೇ ಬಂದಿದ್ದ. ಅವರು ಅವನ ಕಡೆಗೆ ನಡೆಯಲಿಲ್ಲ. ಒಳಗೆ ಯಂತ್ರ ತಿರುಗತೊಡಗಿತು. ಹೇಗೆ ಬಂದಿದೆ ಎಂದು ಒಂದು ಹಾಳೆ ನೋಡೋಣವೆನಿಸಿ, ಮೇಷ್ಟರು ಬಾಗಿಲ ಕಡೆ ತಿರುಗಿದರು. ಮೊಳೆರಾಯ ಒಳಗಿನಿಂದ ಬಾಗಿಲು ಎಳೆದುಕೊಂಡ.